ಮಗ ಪ್ರಾರ್ಥನೆಗೆ ಕೂರಲ್ಲ ಅಂದಾಗ

ನೀವು ಕೇಳಿದ್ದು ಇದು: "ನಮ್ಮ ಮನೆಯಲ್ಲಿ ದಿನಾ ಸಂಜೆ ದೀಪ ಹಚ್ಚಿ ಎರಡು ಭಜನೆ ಹಾಡುವ ರೂಢಿ. 15 ವರ್ಷದ ಮಗಳು ಈಗ ಕೂರುವುದೇ ಇಲ್ಲ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ರೂಮಿನಲ್ಲಿರುತ್ತಾಳೆ. ಪೂಜಾರಿಗಳು, ಪಾದ್ರಿಗಳ ಮನೆಯಲ್ಲಿ ಇಂಥದ್ದು ಆಗಲ್ವಾ? ಆದರೆ ಏನು ಮಾಡುತ್ತೀರಿ?"

ಆಗುತ್ತದೆ. ನಮ್ಮ ಮನೆಯಲ್ಲೇ ಆಗಿದೆ. ನಾನು ಚಿಂತಾಮಣಿ ಕಡೆ ಒಂದು ಚರ್ಚಿನ ಸಭಾಪಾಲಕ. ಸಭೆಯವರು ಅಯ್ಯನವರು ಅಂತ ಕರೆಯುತ್ತಾರೆ. ಈ ಸೇವೆಗೆ ಬಂದು 22 ವರ್ಷ ಆಯಿತು. ಒಬ್ಬ ಮಗ, ಒಬ್ಬಳು ಮಗಳು. ನಿಮ್ಮ ಪ್ರಶ್ನೆ ಓದಿದ ಮೇಲೆ ಎರಡು ದಿನ ಅದೇ ಯೋಚನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಪಾಸ್ಟರ್ ಮನೆಯ ಮಕ್ಕಳ ಕಷ್ಟ ಹೊರಗಿನವರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಮನೆ ಚರ್ಚಿನ ಕಾಂಪೌಂಡಿನಲ್ಲೇ ಇರುತ್ತದೆ. ಯಾರು ಬಂದರೂ ಬಾಗಿಲು ತೆಗೆಯಬೇಕು. ಊಟಕ್ಕೆ ಕೂತಾಗ ಯಾರದ್ದೋ ಸಾವಿನ ಸುದ್ದಿ ಬರುತ್ತದೆ, ಕೈ ತೊಳೆದು ಎದ್ದು ಹೋಗುತ್ತೇನೆ. ಎಲ್ಲರ ಅಪ್ಪಂದಿರಿಗೂ ಭಾನುವಾರ ರಜೆ, ನನಗೆ ಅವತ್ತು ಮೂರು ಊರಿನ ಆರಾಧನೆ. ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ. ಆಗ ಹೊಸ ಸ್ಕೂಲು, ಹೊಸ ಗೆಳೆಯರು. ಇದೆಲ್ಲದರ ಮೇಲೆ, "ಅಯ್ಯನವರ ಮಗ ಆಗಿ ಹೀಗೆ ಮಾಡಬಹುದಾ" ಅನ್ನುವ ಮಾತು ಬೇರೆ. ಅದನ್ನು ಚಿಕ್ಕಂದಿನಿಂದ ಕೇಳಿ ಕೇಳಿ ಮಕ್ಕಳಿಗೆ ದೇವರು ಅಂದರೆ ಅಪ್ಪನ ನೌಕರಿ ಅನ್ನಿಸಿಬಿಡುತ್ತದೆ.

ನನ್ನ ಮಗನಿಗೆ ಸಂಗೀತ ತಾನಾಗಿ ಬಂತು. ಏಳನೇ ವಯಸ್ಸಿಗೇ ಕೀಬೋರ್ಡ್ ಮುಂದೆ ಕೂತು ಚರ್ಚಿನ ಹಾಡುಗಳನ್ನು ಕೇಳಿದ ಹಾಗೇ ನುಡಿಸುತ್ತಿದ್ದ. 11 ವರ್ಷಕ್ಕೆ ನಾನೇ ಅವನನ್ನು ಗಾನವೃಂದಕ್ಕೆ ಹಾಕಿದೆ. ಅವನನ್ನು ಒಂದು ಮಾತು ಕೇಳಲಿಲ್ಲ. ಕೇಳಬೇಕು ಅಂತಲೇ ಹೊಳೆಯಲಿಲ್ಲ.

ಅವನಿಗೆ 13 ಆಗಿದ್ದಾಗ ಕ್ರಿಸ್‌ಮಸ್‌ಗೆ ಮೊದಲು ಒಂದು ರಾತ್ರಿ ಪ್ರಾಕ್ಟೀಸ್ ನಡೆಯುತ್ತಿತ್ತು. ನನಗೆ ಅವತ್ತು ಎರಡು ಮನೆಯ ಜಗಳ ಬಿಡಿಸಿ ತಲೆ ಕೆಟ್ಟಿತ್ತು. ಹುಡುಗ ಒಂದು ಕಡೆ ತಪ್ಪಿದ. ನಿಲ್ಲಿಸಿದೆ. ಮತ್ತೆ ಅಲ್ಲೇ ತಪ್ಪಿದ. ಮತ್ತೆ ನಿಲ್ಲಿಸಿದೆ. ಮೂರನೇ ಸಲ ಇಪ್ಪತ್ತು ಜನರ ಮುಂದೆ, "ಪಾಸ್ಟರ್ ಮಗನಾಗಿ ಇಷ್ಟೂ ಬರಲ್ವಾ ನಿನಗೆ?" ಅಂದೆ. ಅವನು ಏನೂ ಮಾತಾಡಲಿಲ್ಲ. ಸ್ವಿಚ್ ಆರಿಸಿದ. ಕೀಬೋರ್ಡ್ ಮೇಲೆ ಹೊದಿಸುವ ಬಟ್ಟೆ ತೆಗೆದುಕೊಂಡು ನಾಲ್ಕೂ ಮೂಲೆ ಎಳೆದು ಸರಿಯಾಗಿ ಹೊದಿಸಿದ. ಆಮೇಲೆ ಮನೆಗೆ ನಡೆದುಬಿಟ್ಟ. ಸಿಟ್ಟಿನಿಂದ ಏನಾದರೂ ಎಸೆದು ಹೋಗಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಅವತ್ತಿಂದ ಕೀಬೋರ್ಡ್ ಮುಟ್ಟಲಿಲ್ಲ. ರಾತ್ರಿ ಎಂಟಕ್ಕೆ ಮನೆಯ ಪ್ರಾರ್ಥನೆ ಇರುತ್ತದೆ: ಒಂದು ಹಾಡು, ಬೈಬಲಿನ ಒಂದು ಕೀರ್ತನೆಯ ಓದು, ಒಬ್ಬೊಬ್ಬರ ಪ್ರಾರ್ಥನೆ. ಅದಕ್ಕೂ ಬರುವುದನ್ನು ಬಿಟ್ಟ. "ಓದೋದಿದೆ" ಅನ್ನುತ್ತಿದ್ದ. ಒಂದು ತಿಂಗಳು ಬಲವಂತವಾಗಿ ಕೂರಿಸಿದೆ. ಕೂತ, ತುಟಿ ಬಿಚ್ಚಲಿಲ್ಲ. ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರದ ಮೂರನೇ ಅಧ್ಯಾಯದಲ್ಲಿ ಅಪ್ಪಂದಿರಿಗೆಂದೇ ಒಂದು ಮಾತಿದೆ. ಮಕ್ಕಳನ್ನು ಕೆಣಕಬೇಡಿ, ಅವರ ಮನಸ್ಸು ಕುಗ್ಗುತ್ತದೆ ಅಂತ. ಅದರ ಮೇಲೆ ನಾನು ಎಷ್ಟೋ ಸಲ ಪ್ರಸಂಗ ಮಾಡಿದ್ದೇನೆ. ಆ ತಿಂಗಳು ಆ ಪುಟ ತೆರೆಯುವುದಕ್ಕೇ ಕಷ್ಟವಾಗುತ್ತಿತ್ತು.

ಕೊನೆಗೆ ನಮ್ಮ ಮನೆಯವರೇ ಹೇಳಿದರು. "ಬಾಯಿ ಬಿಗಿದುಕೊಂಡು ಕೂತರೆ ಅದು ಪ್ರಾರ್ಥನೆ ಅಲ್ಲ ರೀ. ನಾವು ಹಾಡೋಣ. ಬಾಗಿಲು ತೆಗೆದಿಡಿ, ಅವನಿಗೆ ಕೇಳಿಸಿದರೆ ಸಾಕು." ಅವರ ತವರು ಮದನಪಲ್ಲಿ ಕಡೆ. ಅವರೆಕಾಯಿ ಬಿಡಿಸುವಾಗ, ಹಿತಕುವಾಗ, ಬಟ್ಟೆ ಮಡಿಸುವಾಗ ತೆಲುಗಿನ ಕೀರ್ತನೆಗಳು ಅವರ ಬಾಯಲ್ಲಿ ಬರುತ್ತಲೇ ಇರುತ್ತವೆ. ಯಾರಿಗೂ ಕೇಳಿಸಲಿ ಅಂತ ಹಾಡುವುದಲ್ಲ. ನಮ್ಮ ಮಕ್ಕಳಿಗೆ ನಂಬಿಕೆ ಅಂತ ಏನಾದರೂ ಮೊದಲು ತಾಕಿದ್ದರೆ ಅದು ಆ ದನಿಯಿಂದಲೇ, ನನ್ನ ಪ್ರಸಂಗದಿಂದ ಅಲ್ಲ. ಇದು ನನಗೆ ಖಚಿತ.

ಇನ್ನೊಂದು ಕಡೆಯಿಂದ ನಮಗೆ ಸಹಾಯ ಬಂತು. ಅದನ್ನು ನಾನು ಎಣಿಸಿರಲಿಲ್ಲ.

ಮಳೆಗಾಲದಲ್ಲಿ ಚರ್ಚಿನ ಹಾರ್ಮೋನಿಯಂ ಕೆಟ್ಟಿತು. ಒಂದು ಸ್ವರ ಒತ್ತದೇ ಇದ್ದರೂ ಸುಮ್ನೆ ಕೂಗುತ್ತಲೇ ಇತ್ತು. ನಮ್ಮ ಬೀದಿಯ ಕೊನೆಗೆ ಒಬ್ಬರು ತಾತ ಇದ್ದಾರೆ, ಮೊದಲು ಹಾಲಿನ ಡೇರಿಯಲ್ಲಿ ಕೆಲಸ ಮಾಡಿದವರು. ಕೈವಾರ ತಾತಯ್ಯನವರ ಪದಗಳನ್ನು ಹಾಡುವ ಭಜನೆ ತಂಡ ಅವರದ್ದು. ಕೈವಾರ ನಮ್ಮ ತಾಲ್ಲೂಕಿನದೇ ಊರು. ಬಳೆ ಮಾರುತ್ತಿದ್ದ ನಾರಾಯಣಪ್ಪನವರು ಅಲ್ಲಿ ತಾತಯ್ಯನಾದರು. 1726ರಲ್ಲಿ ಹುಟ್ಟಿ 110 ವರ್ಷ ಬದುಕಿದರು ಅಂತ ನಮ್ಮ ಕಡೆ ಹೇಳುತ್ತಾರೆ. ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದವರು. ಈ ಗಡಿಯಲ್ಲಿ ಎರಡೂ ಒಂದೇ ಬಾಯಲ್ಲಿ ಬರುವ ಭಾಷೆಗಳು ಅಲ್ವಾ. ಗುರುಪೂರ್ಣಿಮೆಗೆ ಕೈವಾರದಲ್ಲಿ ಹಗಲೂ ರಾತ್ರಿ ಸಂಗೀತ ನಡೆಯುತ್ತದೆ, ನಮ್ಮ ಬೀದಿಯ ತಾತ ಒಂದು ವರ್ಷವೂ ತಪ್ಪಿಸುವುದಿಲ್ಲ.

ಹಾರ್ಮೋನಿಯಂ ರಿಪೇರಿ ಅವರಿಗೆ ಬರುತ್ತದೆ ಅಂತ ಗೊತ್ತಿತ್ತು. ಮಗನ ಕೈಯಲ್ಲಿ ಕೊಟ್ಟು ಕಳಿಸಿದೆ. ತಾತ ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು ಮೇಲಿನ ಹಲಗೆ ಬಿಚ್ಚಿದರಂತೆ. ತೇವಕ್ಕೆ ಮರ ಉಬ್ಬಿ, ಕೀಲಿಯ ಕೆಳಗಿನ ಪಟ್ಟಿ ಸರಿಯಾಗಿ ಕೂರುತ್ತಿರಲಿಲ್ಲ. ಆ ಸಂದಿಯಿಂದ ಗಾಳಿ ನುಗ್ಗುತ್ತಿತ್ತು. ಪಟ್ಟಿಯ ಬಟ್ಟೆ ಒರೆಸಿ, ಸ್ಪ್ರಿಂಗ್ ಸ್ವಲ್ಪ ಬಗ್ಗಿಸಿ, ಹಿತ್ತಾಳೆಯ ರೀಡುಗಳ ಕೆಳಗೆ ತೆಳ್ಳಗಿನ ಕಾಗದ ಆಡಿಸಿ ಧೂಳು ತೆಗೆದರಂತೆ. ಮಗ ಮನೆಗೆ ಬಂದು ಇದನ್ನೆಲ್ಲ ಅವನ ಅಮ್ಮನಿಗೆ ಹೇಳುತ್ತಿದ್ದುದು ನನಗೆ ಒಳಗೆ ಕೇಳಿಸಿತು. ತಿಂಗಳುಗಳ ಮೇಲೆ ಅವನು ಅಷ್ಟು ಮಾತಾಡಿದ್ದು ಅವತ್ತೇ.

ಆಮೇಲೆ ಪ್ರತಿ ಗುರುವಾರ ಸಂಜೆ ಅಲ್ಲಿಗೆ ಹೋಗತೊಡಗಿದ.

ಸಭೆಯ ಹಿರಿಯರೊಬ್ಬರು ಮನೆಗೆ ಬಂದರು. "ಅಯ್ಯನವರೇ, ನಿಮ್ಮ ಹುಡುಗ ಭಜನೆಯಲ್ಲಿ ಹಾರ್ಮೋನಿಯಂ ನುಡಿಸ್ತಾನಂತೆ. ನಾಲ್ಕು ಜನ ಮಾತಾಡ್ತಾರೆ." ಅವರಿಗೆ ಕೆಟ್ಟ ಮನಸ್ಸಿರಲಿಲ್ಲ, ನನ್ನ ಮರ್ಯಾದೆಯ ಚಿಂತೆ. ನನಗೂ ಒಳಗೆ ಕಸಿವಿಸಿ ಆಯಿತು, ಸುಳ್ಳು ಹೇಳುವುದಿಲ್ಲ. ಯೇಸುವೇ ನನ್ನ ಕರ್ತನು, ಅದರಲ್ಲಿ ನನಗೆ ಎರಡು ಮನಸ್ಸಿಲ್ಲ. ನನ್ನ ಮಗನೂ ಆ ದಾರಿಯಲ್ಲಿ ನಡೆಯಲಿ ಅಂತ ಅವನು ಹುಟ್ಟಿದ ದಿನದಿಂದ ಪ್ರಾರ್ಥಿಸಿದ್ದೇನೆ. ಮುಂದಿನ ಗುರುವಾರ ನಾನೇ ಹೋದೆ.

ತಾತ ನನ್ನನ್ನು ನೋಡಿ ಹಾಡು ನಿಲ್ಲಿಸಲಿಲ್ಲ. ಕಣ್ಣಲ್ಲೇ ಚಾಪೆ ತೋರಿಸಿದರು. ಜಗಲಿಯ ತುದಿಯಲ್ಲಿ ಕೂತೆ. ಮಗನ ಎಡಗೈ ತಿದಿಯ ಮೇಲಿತ್ತು. ತಾತ ಉಸಿರು ತೆಗೆದುಕೊಳ್ಳುವಾಗ ಇವನೂ ಗಾಳಿ ತಗ್ಗಿಸುತ್ತಿದ್ದ. ಒಂದು ಕಡೆ ಬೆರಳು ತಪ್ಪಿತು. ನನ್ನ ಎದೆ ಧಸಕ್ ಎಂದಿತು. ತಾತ ನಿಲ್ಲಿಸಲಿಲ್ಲ, ಇವನ ಕಡೆ ನೋಡಲೂ ಇಲ್ಲ. ಅದೇ ಸಾಲನ್ನು ಮತ್ತೊಂದು ಸಲ ಹಾಡಿದರು. ಮತ್ತೆ ತಪ್ಪಿತು. ಮತ್ತೆ ಹಾಡಿದರು. ಕೂತಿದ್ದವರೂ ಜೊತೆಗೆ ಹಾಡಿದರು. ನಾಲ್ಕನೇ ಸಲಕ್ಕೆ ಬೆರಳು ಜಾಗ ಹಿಡಿಯಿತು, ತಾತ ಮುಂದಿನ ಸಾಲಿಗೆ ಹೋದರು. ಅಲ್ಲಿದ್ದ ಯಾರಿಗೂ ಹುಡುಗ ತಪ್ಪಿದ ಅಂತ ಅನ್ನಿಸಿಯೇ ಇರಲಿಕ್ಕಿಲ್ಲ.

ಹಿರಿಯರಿಗೆ ಮಾರನೇ ದಿನ ಹೇಳಿದೆ: ಅವರು ನಮ್ಮ ಹುಡುಗನಿಗೆ ಕಲಿಸುತ್ತಿದ್ದಾರೆ, ಆ ಋಣ ನನ್ನ ಮೇಲಿದೆ, ಹೋಗಬೇಡ ಅಂತ ನಾನು ಹೇಳಲಾರೆ. ಅವರು ಒಪ್ಪಿದರೋ ಇಲ್ಲವೋ, ಮತ್ತೆ ಆ ಮಾತು ಎತ್ತಲಿಲ್ಲ. ಆ ಭಾನುವಾರ ಗಾನವೃಂದದವರನ್ನು ಆರಾಧನೆ ಮುಗಿದ ಮೇಲೆ ನಿಲ್ಲಿಸಿಕೊಂಡೆ. ಯಾರ ಮುಂದೆ ಬೈದಿದ್ದೆನೋ ಅವರ ಮುಂದೆಯೇ, ಅವತ್ತು ನಾನು ಮಾಡಿದ್ದು ತಪ್ಪು ಅಂದೆ. ಮನೆಗೆ ಬಂದು ಮಗನಿಗೂ ಅದನ್ನೇ ಹೇಳಿದೆ. "ಸರಿ ಅಪ್ಪಾ" ಅಂದ. ಅಷ್ಟೇ. ಪ್ರಾರ್ಥನೆಗೆ ಬರಲಿಲ್ಲ.

ಬಂದದ್ದು ಇನ್ನೂ ತಡವಾಗಿ, ಅದೂ ನಮ್ಮ ಮನೆಯಲ್ಲಿ ಅಲ್ಲ. ಸಭೆಯಲ್ಲಿ ರೇಷ್ಮೆ ಸಾಕುವ ಕುಟುಂಬಗಳು ಇವೆ. ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುತ್ತಾರೆ. ಹುಳು ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಮೇಲೆ ಒಂದು ವಾರ ಸೊಪ್ಪು ಹಾಕಿ ಪೂರೈಸುವುದಿಲ್ಲ, ಮನೆ ಬಿಟ್ಟು ಕದಲುವ ಹಾಗಿಲ್ಲ. ಹಾಗಾಗಿ ಅಂಥ ಒಂದು ಮನೆಯವರು ಪ್ರಾರ್ಥನೆಯನ್ನು ತಮ್ಮಲ್ಲೇ ಇಡಿ ಅಂದರು. ನನಗೆ ಭುಜದ ನೋವಿತ್ತು. ಹಾರ್ಮೋನಿಯಂ ಹೊರಲು ಬರ್ತೀಯಾ ಅಂತ ಮಗನನ್ನು ಕೇಳಿದೆ. ಹೊರಲು ಮಾತ್ರ ಅಂತ ಹೇಳಿದ್ದೆ, ಬಂದ.

ಹುಳು ಮನೆಯ ಹೊರಗಿನ ಪಡಸಾಲೆಯಲ್ಲಿ ಕೂತೆವು. ಕರೆಂಟ್ ಇರಲಿಲ್ಲ. ಒಳಗೆ ಸಾವಿರಾರು ಹುಳು ಸೊಪ್ಪು ಮೇಯುವ ಸದ್ದು. ಕೇಳಿಲ್ಲದಿದ್ದರೆ ಒಮ್ಮೆ ಕೇಳಬೇಕು ನೀವು, ಹೊಂಗೆ ಎಲೆಗಳ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಇರುತ್ತದೆ. ಆ ಮನೆಯ ಅಜ್ಜಿ 23ನೇ ಕೀರ್ತನೆ ಹಾಡಿ ಅಂದರು. ಯೆಹೋವನು ನನಗೆ ಕುರುಬನು ಅಂತ ಶುರುವಾಗುವುದು. ಕುರಿ ಕಾಯುವವರನ್ನು ದಿನಾ ಕಂಡ ನಮ್ಮ ಸೀಮೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ನಾನು ಹಾರ್ಮೋನಿಯಂ ಕಡೆ ಕೈ ಚಾಚುವ ಹೊತ್ತಿಗೆ ಮಗ ಅದನ್ನು ತನ್ನ ಮುಂದೆ ಎಳೆದುಕೊಂಡಿದ್ದ. ಸ ಮತ್ತು ಪ ಎರಡನ್ನೇ ಹಿಡಿದು, ಆ ಮೇಯುವ ಸದ್ದು ಮುಳುಗದ ಹಾಗೆ ಮೆಲ್ಲಗೆ ಗಾಳಿ ಬಿಟ್ಟ. ಎರಡನೇ ಚರಣದಿಂದ ಅವನೂ ಹಾಡಿದ. ಅಷ್ಟರಲ್ಲಿ ಅವನ ದನಿ ಒಡೆದು ಗಂಡು ದನಿ ಆಗಿತ್ತು. ನನಗೆ ಗೊತ್ತೇ ಇರಲಿಲ್ಲ.

ಬೈಕಿನಲ್ಲಿ ವಾಪಸ್ ಬರುವಾಗ ಹಿಂದಿನಿಂದ ಒಂದು ಪ್ರಶ್ನೆ ಕೇಳಿದ. "ಅಪ್ಪಾ, ನಮ್ಮ ಹಾಡುಗಳಲ್ಲಿ 'ಕರುಣೆ' ಅನ್ನೋದನ್ನ ಯಾಕೆ 'ಕಾರುಣೇ' ಅಂತ ಎಳೀತೀವಿ?" ಒಳ್ಳೆ ಪ್ರಶ್ನೆ. ಇಂಗ್ಲಿಷ್ ಹಾಡಿನ ಧಾಟಿಗೆ ಕನ್ನಡ ಮಾತು ತುಂಬಿದರೆ ಹೀಗಾಗುತ್ತದೆ. ಅವರ ಧಾಟಿ ಒತ್ತಿನ ಮೇಲೆ ನಡೆಯುತ್ತದೆ, ನಮ್ಮ ಪದ್ಯ ಲಘು ಗುರುವಿನ ಮೇಲೆ. ಲಘು ಇರುವ ಕಡೆ ಉದ್ದ ಸ್ವರ ಬಂದರೆ ಮಾತು ಹಿಗ್ಗುತ್ತದೆ. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟೆಲ್ ಪಾದ್ರಿ ಇದನ್ನು ಆಗಲೇ ಅರಿತಿದ್ದರು. 1862ರಲ್ಲೇ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಹಾಡಾಗಿ ಬರೆದರು. ದಾರಿಯುದ್ದಕ್ಕೂ ಇದನ್ನೇ ಮಾತಾಡಿದೆವು. ಮನೆ ಬಂದರೂ ಬೈಕ್ ನಿಲ್ಲಿಸಿ ಗೇಟಿನ ಹತ್ತಿರ ಇನ್ನೂ ಅರ್ಧ ಗಂಟೆ. ನನ್ನ ಮಗನ ಜೊತೆ ನಂಬಿಕೆಯ ವಿಷಯ ನಾನು ಮನಸ್ಸು ಬಿಚ್ಚಿ ಮಾತಾಡಿದ್ದು ಅದೇ ಮೊದಲು, ಅದೂ ಒಂದು ದೀರ್ಘ ಸ್ವರದ ನೆಪದಲ್ಲಿ.

ಈಗ ನಿಮ್ಮ ಮಗಳ ವಿಷಯ. ಭಜನೆ ನಿಲ್ಲಿಸಬೇಡಿ, ಅವಳನ್ನು ಕೂರಿಸಲೂ ಬೇಡಿ. ರೂಮಿನ ಬಾಗಿಲಿಗೆ ಕೇಳಿಸುವ ಹಾಗೆ ಹಾಡಿ. ಅವಳ ಇಯರ್‌ಫೋನಿನಲ್ಲಿ ಏನು ಬರುತ್ತದೆ ಅಂತ ಒಂದು ದಿನ ಕೇಳಿ ನೋಡಿ. ಪರೀಕ್ಷೆ ಮಾಡುವವರ ಹಾಗೆ ಅಲ್ಲ, ಒಂದು ಕಡೆಯದನ್ನು ಇಸ್ಕೊಂಡು ಪಕ್ಕದಲ್ಲಿ ಕೂತು ಪೂರ್ತಿ ಹಾಡು ಕೇಳಿ. ನಾನು ಇದನ್ನು ಮಗಳ ಜೊತೆ ಮಾಡಿದೆ, ಮಗನ ವಿಷಯದಲ್ಲಿ ಕಲಿತ ಮೇಲೆ. ಹಿಂದೆ ಯಾವತ್ತಾದರೂ ನಾಲ್ಕು ಜನರ ಮುಂದೆ ಅವಳನ್ನು ಅಂದಿದ್ದರೆ ಅದನ್ನು ನೆನಪಿಸಿಕೊಳ್ಳಿ. ನಾವು ಮರೆತಿರುತ್ತೇವೆ, ಅವರು ಮರೆತಿರುವುದಿಲ್ಲ.

ಯೋಹಾನ್ ಸೆಬಾಸ್ಟಿಯನ್ ಬಾಖ್ ಅಂತ ಜರ್ಮನಿಯ ದೊಡ್ಡ ಚರ್ಚ್ ಸಂಗೀತಗಾರರು. 1720ರಲ್ಲಿ ಅವರು ತಮ್ಮ 9 ವರ್ಷದ ಹಿರಿಯ ಮಗನಿಗಾಗಿ ಒಂದು ಪುಟ್ಟ ನೋಟ್‌ಪುಸ್ತಕ ಶುರು ಮಾಡಿದರು. ಯಾವ ಸ್ವರಕ್ಕೆ ಯಾವ ಬೆರಳು ಅಂತ ಅಂಕೆ ಹಾಕಿ ತೋರಿಸಿದ ಒಂದು ಪಾಠ ಅದರಲ್ಲಿದೆ. ಆ ಪಾಠದ ತಲೆಯಲ್ಲಿ, 'ಯೇಸುವಿನ ಹೆಸರಿನಲ್ಲಿ' ಅನ್ನುವ ಲ್ಯಾಟಿನ್ ಮಾತಿನ ಮೊದಲಕ್ಷರಗಳನ್ನು ಬರೆದಿದ್ದಾರೆ. ಮಗುವಿನ ಬೆರಳಿನ ಪಾಠವೂ ಅವರಿಗೆ ಆರಾಧನೆಯೇ ಆಗಿತ್ತು. ಇದನ್ನು ಓದಿದ ದಿನ ನನಗೆ ಆ ಕ್ರಿಸ್‌ಮಸ್ ಪ್ರಾಕ್ಟೀಸ್ ಕಣ್ಣ ಮುಂದೆ ಬಂತು.

ಮಗನಿಗೆ ಈಗ 19. ಬೆಂಗಳೂರಿನಲ್ಲಿ ಓದುತ್ತಾನೆ. ನಂಬಿಕೆಯ ಬಗ್ಗೆ ಅವನಿಗೆ ಪ್ರಶ್ನೆಗಳು ಇನ್ನೂ ಜಾಸ್ತಿ ಇವೆ. ಎಲ್ಲದಕ್ಕೂ ನನ್ನ ಹತ್ತಿರ ಉತ್ತರವಿಲ್ಲ. ಕಳೆದ ಶನಿವಾರ ಅವನ ಬಸ್ಸು ತಡವಾಯಿತು, ನಾವು ಮೂವರೇ ಪ್ರಾರ್ಥನೆ ಶುರು ಮಾಡಿದೆವು. ಎರಡನೇ ಚರಣದಲ್ಲಿದ್ದಾಗ ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. ಬ್ಯಾಗ್ ಕೆಳಗಿಟ್ಟು, ಒಳಗೆ ಬರದೆ, ಬಾಗಿಲ ಚೌಕಟ್ಟಿಗೆ ಒರಗಿಕೊಂಡೇ ಕೆಳಗಿನ ಸ್ವರದಲ್ಲಿ ಸೇರಿಕೊಂಡ. ನಾನು ತಿರುಗಿ ನೋಡಲಿಲ್ಲ. ಮನೆಯವರು ಹಾರ್ಮೋನಿಯಂ ನಿಲ್ಲಿಸಲಿಲ್ಲ. ಮೂರನೇ ಚರಣ ಮುಗಿದಾಗ ಅದನ್ನೇ ಮತ್ತೊಂದು ಸಲ ಹಾಡಿದೆವು.