ಗ್ರೀಸ್ ದ್ವೀಪಗಳಲ್ಲಿ ಕೈ ಕಚ್ಚದಂತೆ ಸುತ್ತಾಡಿ ಬರೋದು

ಸರ್, ಸೆಪ್ಟೆಂಬರ್‌ನಲ್ಲಿ ಅಪ್ಪ ಅಮ್ಮನನ್ನೂ ಕರ್ಕೊಂಡು ಐದು ಜನ ಹೊರಟಿದ್ದೀವಿ, ಅಥೆನ್ಸ್‌ನಲ್ಲಿ ಎರಡು ದಿನ, ಆಮೇಲೆ ನಾಕ್ಸೋಸ್, ಸ್ಯಾಂಟೊರಿನಿ, ಅಲ್ಲಿ ಟೂರಿಸ್ಟ್‌ಗಳಿಗೆ ಟೋಪಿ ಹಾಕ್ತಾರಂತೆ, ಏನೇನು ನೋಡ್ಕೋಬೇಕು ಅಂತ ಈ ಗುಂಪಿನಲ್ಲಿ ಕೇಳಿದ್ದೀರಿ. ಇಲ್ಲಿವರೆಗೆ ಬಂದ ಉತ್ತರಗಳಲ್ಲಿ ಅರ್ಧ ಜನ "ಜೇಬು ಹುಷಾರು" ಅಂದಿದ್ದಾರೆ, ಇನ್ನರ್ಧ ಜನ ಅಲ್ಲಿಗೆ ಹೋಗೋದೇ ದಂಡ ಅಂದಿದ್ದಾರೆ. ನಾನು ಎರಡು ಸಲ ಹೋಗಿ ಬಂದಿದ್ದೀನಿ, ಎರಡನೇ ಸಲ ನಮ್ಮತ್ತೆಯೂ ಜೊತೆಗಿದ್ದರು. ನನ್ನ ಜೇಬಿಂದ ಯಾರೂ ಏನೂ ಕದಿಯಲಿಲ್ಲ. ಹೋದ ದುಡ್ಡೆಲ್ಲ ರೇಟು ಕೇಳೋಕೆ ಸಂಕೋಚಪಟ್ಟು ನಾನೇ ಕೈಯಾರೆ ಕೊಟ್ಟಿದ್ದು.

ಮೊದಲು ಮೀನಿನ ಕಥೆ ಹೇಳಿಬಿಡ್ತೀನಿ. ನಾನು ಕುಂದಾಪುರದ ಕಡೆಯವನು. ಊರಲ್ಲಿ ಮೀನಿನ ಕಿವಿರು ಎತ್ತಿ ನೋಡಿ, ಹತ್ತು ರೂಪಾಯಿಗೂ ಚೌಕಾಸಿ ಮಾಡೋ ಮನುಷ್ಯ. ಮೊದಲ ಸಲ ಹೋದಾಗ ಒಂದು ದ್ವೀಪದಲ್ಲಿ ನೀರಿಗೆ ತಾಗಿದ ಹೋಟೆಲಿನಲ್ಲಿ ಕೂತಿದ್ದೆವು. ವೇಟರ್ ಬಂದವನೇ ಮೆನು ಕೊಡಲಿಲ್ಲ. "ಬನ್ನಿ, ಇವತ್ತಿನ ಮೀನು ತೋರಿಸ್ತೀನಿ" ಅಂತ ಐಸ್ ಪೆಟ್ಟಿಗೆ ಹತ್ತಿರ ಕರ್ಕೊಂಡು ಹೋದ. ಕೆಂಪಗೆ ಹೊಳೆಯೋ ಮೀನು, ಕಣ್ಣು ಗಾಜಿನ ಹಾಗೆ. ಇದೇ ಇರಲಿ ಅಂದೆ. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಬಿಲ್ ಬಂದಾಗ ಆ ಒಂದು ಮೀನಿಗೆ 119 ಯೂರೊ. ಕೇಳಿದರೆ ಮೆನು ತಂದು ತೋರಿಸಿದ: 85 ಯೂರೊ, ಪಕ್ಕದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ "ಕಿಲೋಗೆ". ನಮ್ಮ ಮೀನು ಒಂದು ಕಿಲೋ ನಾನೂರು ಗ್ರಾಂ. ಲೆಕ್ಕ ಸರಿಯಾಗಿಯೇ ಇದೆ, ಜಗಳ ಆಡೋಕೆ ಜಾಗ ಇಲ್ಲ. ತೂಕ ಹಾಕಿದ್ದು ನಾನು ನೋಡಿಲ್ಲ, ಅಷ್ಟೇ.

ಗ್ರೀಸಿನಲ್ಲಿ ಇಡೀ ಮೀನು, ಲಾಬ್‌ಸ್ಟರ್ ಎಲ್ಲ ಕಿಲೋ ಲೆಕ್ಕದಲ್ಲಿ ಮಾರೋದು ಮಾಮೂಲಿ ಪದ್ಧತಿ. ಬೇಯಿಸೋದಕ್ಕೆ ಮೊದಲಿನ ತೂಕ, ತಲೆ ಮುಳ್ಳು ಎಲ್ಲ ಸೇರಿ. ಹಾಗಾಗಿ ನಿಮ್ಮೆದುರೇ ತಕ್ಕಡಿ ಮೇಲೆ ಇಡಿಸಿ, "ಒಟ್ಟು ಎಷ್ಟಾಗುತ್ತೆ" ಅಂತ ಕೇಳಿ, ಅವನು ಹೇಳಿದ ಅಂಕಿಯನ್ನು ಫೋನಿನಲ್ಲಿ ಟೈಪ್ ಮಾಡಿ ತೋರಿಸಿ ಹೂಂ ಅನ್ನಿಸಿಕೊಳ್ಳಿ. ಯಾರೂ ಬೇಜಾರು ಮಾಡ್ಕೊಳ್ಳೋದಿಲ್ಲ, ಅಲ್ಲಿಯವರೂ ಹಾಗೇ ಮಾಡ್ತಾರೆ. ಇನ್ನೊಂದು ವಿಷಯ, ಫ್ರೀಜರ್‌ನಿಂದ ತೆಗೆದ ಪದಾರ್ಥ ಇದ್ದರೆ ಮೆನುವಿನಲ್ಲಿ ನಮೂದಿಸಬೇಕು ಅನ್ನೋದು ಅಲ್ಲಿ ನಿಯಮ. ಸಾಮಾನ್ಯವಾಗಿ ಹೆಸರಿನ ಪಕ್ಕ ಚಿಕ್ಕ ನಕ್ಷತ್ರ ಹಾಕಿರ್ತಾರೆ. ಕಡಲೆದುರು ಕೂತು "ಫ್ರೆಶ್ ಸ್ಕ್ವಿಡ್" ಅಂತ ತಿನ್ನೋ ಮುಂಚೆ ಆ ನಕ್ಷತ್ರ ಹುಡುಕಿ.

ಮೆನುವಿನ ಕೊನೆಯಲ್ಲೋ ಗೋಡೆ ಮೇಲೋ ಇನ್ನೊಂದು ಸಾಲು ಕಾಣುತ್ತೆ: ರಸೀದಿ ಕೊಡದಿದ್ದರೆ ಗ್ರಾಹಕ ದುಡ್ಡು ಕೊಡಬೇಕಾಗಿಲ್ಲ ಅಂತ. ಅದು ಅಲಂಕಾರಕ್ಕೆ ಹಾಕಿದ್ದಲ್ಲ, ಕಾನೂನೇ ಹಾಗಿದೆ. ಚೀಟಿಯಲ್ಲಿ ಪೆನ್ನಲ್ಲಿ ಗೀಚಿದ ಒಟ್ಟು ಮೊತ್ತ ತಂದರೆ "ಅಪೋದಿಕ್ಸಿ" ಅಂತ ಕೇಳಿ, ಅಂದರೆ ರಸೀದಿ. ಆ ಒಂದು ಪದಕ್ಕೆ ಬಿಲ್ ತಾನಾಗಿ ತೆಳ್ಳಗಾಗಿದ್ದನ್ನು ನಾನೇ ನೋಡಿದ್ದೀನಿ: ಮೊದಲ ಚೀಟಿಯಲ್ಲಿದ್ದ ಎರಡು ಸಲಾಡ್ ಮೆಷಿನ್ ರಸೀದಿಯಲ್ಲಿ ಒಂದೇ ಆಗಿತ್ತು.

ಕೇಳದೇ ಬರೋ ಬ್ರೆಡ್ಡಿಗೆ ತಲೆಗಿಷ್ಟು ಅಂತ ಚಿಲ್ಲರೆ ದುಡ್ಡು ಹಾಕ್ತಾರೆ. ಬೇಡದಿದ್ದರೆ ಮುಟ್ಟೋಕೆ ಮೊದಲೇ ವಾಪಸ್ ಕಳಿಸಿ. ಆದರೆ ಊಟದ ಕೊನೆಗೆ ಬರೋದೇ ಬೇರೆ. ನಾಕ್ಸೋಸ್‌ನಲ್ಲಿ ಊಟ ಮುಗಿದ ಮೇಲೆ ಒಬ್ಬ ಅಜ್ಜಿ ಒಂದು ತಟ್ಟೆ ಕಲ್ಲಂಗಡಿ, ಪುಟ್ಟ ಗ್ಲಾಸುಗಳಲ್ಲಿ ಕಿತ್ರೋನ್ ಅನ್ನೋ ಅಲ್ಲಿನದೇ ಮದ್ಯ ತಂದಿಟ್ಟರು. ನಮ್ಮತ್ತೆ "ಮುಟ್ಟಬೇಡಿ, ಇದಕ್ಕೂ ಹಾಕ್ತಾರೆ" ಅಂತ ತಟ್ಟೆಯನ್ನ ಮೇಜಿನ ಆ ತುದಿಗೆ ತಳ್ಳಿಬಿಟ್ಟರು. ಅಜ್ಜಿ ಈ ತುದಿಗೆ ತಳ್ಳಿದರು. ಹೀಗೆ ಎರಡು ಸಲ ಆಯಿತು. ಅದು ಕೆರಾಸ್ಮಾ ಸರ್, ಮನೆಗೆ ಬಂದವರಿಗೆ ಬಾಯಿಗೆ ಸಿಹಿ ಹಾಕಿ ಕಳಿಸೋ ಹಾಗೆ. ದುಡ್ಡಿಲ್ಲ. ಎಲ್ಲದರಲ್ಲೂ ಮೋಸ ಹುಡುಕಿದರೆ ಕಲ್ಲಂಗಡಿ ತಪ್ಪುತ್ತೆ.

ಈಗ ಗಾಡಿ ವಿಷಯ. ಇದನ್ನ ಸ್ವಲ್ಪ ನಿಧಾನವಾಗಿ ಓದಿ, ಯಾಕಂದರೆ ದೊಡ್ಡ ಮೊತ್ತ ಹೋಗೋದು ಇಲ್ಲೇ. ದ್ವೀಪಗಳಲ್ಲಿ ಎಲ್ಲ ಕಡೆ ನಾಲ್ಕು ಚಕ್ರದ ಕ್ವಾಡ್ ಬೈಕು, ಸ್ಕೂಟರ್, ಸಣ್ಣ ಕಾರು ಬಾಡಿಗೆಗೆ ಸಿಗುತ್ತೆ. ನಮ್ಮ ಲೈಸೆನ್ಸ್ ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಇಲ್ಲೇ ನಿಮ್ಮ ಆರ್‌ಟಿಒದಲ್ಲಿ ಮಾಡಿಸಿಕೊಳ್ಳಿ, 1000 ರೂಪಾಯಿ ಶುಲ್ಕ, ಒಂದು ವರ್ಷ ನಡೆಯುತ್ತೆ. ಅಲ್ಲಿ ಹೋದರೆ ಕೆಲವು ಅಂಗಡಿಯವರು "ಇಂಡಿಯನ್ ಲೈಸೆನ್ಸ್? ನೋ ಪ್ರಾಬ್ಲಮ್" ಅಂತ ಕೀಲಿ ಕೊಟ್ಟೇಬಿಡ್ತಾರೆ. ಪ್ರಾಬ್ಲಮ್ ಅವರಿಗಿಲ್ಲ ನಿಜ. ಏನಾದರೂ ತಾಗಿಸಿದರೆ ಪರ್ಮಿಟ್ ಇಲ್ಲ ಅಂತ ಇನ್ಶೂರೆನ್ಸ್ ಕೈ ಎತ್ತಿದಾಗ ಪೂರ್ತಿ ಖರ್ಚು ನಿಮ್ಮ ತಲೆ ಮೇಲೆ.

ಸ್ಯಾಂಟೊರಿನಿಯಲ್ಲಿ ನಾನು ಕ್ವಾಡ್ ವಾಪಸ್ ಕೊಡೋಕೆ ಹೋದಾಗ ಅಂಗಡಿಯವನು ಮಂಡಿಯೂರಿ ಕೂತು, ಹಿಂದಿನ ಎಡ ಚಕ್ರದ ರಿಮ್ ಮೇಲೆ ಬೆರಳಾಡಿಸಿ, ಉಗುರಿನಷ್ಟು ಉದ್ದದ ಗೀರು ತೋರಿಸಿದ. ರಿಮ್ ಬದಲಾಯಿಸಬೇಕು, 150 ಯೂರೊ. ನಾನು ಜಾಣತನ ಮಾಡಿದವನಲ್ಲ. ಗಾಡಿ ತಗೊಳ್ಳೋವಾಗ ನನ್ನ ಹೆಂಡತಿ ರೀಲ್ಸ್‌ಗೆ ಅಂತ ಗಾಡಿ ಸುತ್ತ ವಿಡಿಯೋ ಮಾಡಿದ್ದಳು. ಅದನ್ನ ತೆಗೆದು ನಿಲ್ಲಿಸಿ ಝೂಮ್ ಮಾಡಿದರೆ ಅದೇ ಗೀರು, ಅದೇ ಜಾಗ. ಅವನು ಭುಜ ಕುಣಿಸಿ ಒಳಗೆ ಹೋದ, ಕ್ಷಮಿಸಿ ಅಂತಲೂ ಹೇಳಲಿಲ್ಲ. ನೀವು ರೀಲ್ಸ್‌ಗೆ ಕಾಯಬೇಡಿ. ರಿಮ್, ಟೈರು, ಗಾಜು, ಕಾರಾದರೆ ಬಂಪರ್ ಕೆಳಭಾಗ, ಪೆಟ್ರೋಲ್ ಮುಳ್ಳು ಎಷ್ಟರಲ್ಲಿದೆ, ಎಲ್ಲವನ್ನೂ ಅಂಗಡಿಯವನು ಪಕ್ಕದಲ್ಲಿ ನಿಂತಿರುವಾಗಲೇ ಚಿತ್ರೀಕರಿಸಿ. "ಫುಲ್ ಇನ್ಶೂರೆನ್ಸ್" ಅಂತ ಬೋರ್ಡು ಹಾಕಿದ್ದರೂ ಟೈರು, ಗಾಜು, ಗಾಡಿಯ ತಳಭಾಗ ಎಷ್ಟೋ ಸಲ ಅದರಲ್ಲಿ ಸೇರಿರೋದಿಲ್ಲ, ಕಾಗದದಲ್ಲಿ ಓದಿ. ಪಾಸ್‌ಪೋರ್ಟ್ ಅಡ ಇಡಿ ಅಂದರೆ ಬೇರೆ ಅಂಗಡಿಗೆ ನಡೀರಿ. ಕಾರ್ಡಿನಲ್ಲಿ ಡಿಪಾಸಿಟ್ ಹಿಡಿಯಲಿ, ಪಾಸ್‌ಪೋರ್ಟಿನ ಜೆರಾಕ್ಸ್ ಇಟ್ಕೊಳ್ಳಲಿ. ಪಾಸ್‌ಪೋರ್ಟ್ ಅವರ ಡ್ರಾಯರ್‌ನಲ್ಲಿದ್ದರೆ ಆ 150 ಯೂರೊ ವಾದ ನೀವು ಗೆಲ್ಲೋದಿಲ್ಲ. ಅಂದಹಾಗೆ ಐದು ಜನಕ್ಕೆ ಕ್ವಾಡ್ ಯೋಚನೆ ಬಿಡಿ. ಸ್ಯಾಂಟೊರಿನಿಯ ಆ ಇಳಿಜಾರಿನಲ್ಲಿ ಟೂರ್ ಬಸ್ಸುಗಳ ಮಧ್ಯೆ ಅಪ್ಪ ಅಮ್ಮನನ್ನ ಹಿಂದೆ ಕೂರಿಸಿಕೊಂಡು ಹೋಗೋದು ಬೇಡ.

ಐದು ಜನ ಅಂದಿದ್ದಕ್ಕೆ ಇನ್ನೊಂದು ನೆನಪಾಯಿತು. ಅಲ್ಲಿನ ಮಾಮೂಲಿ ಟ್ಯಾಕ್ಸಿಯಲ್ಲಿ ನಾಲ್ಕೇ ಜನ. ನಮ್ಮ ಹಾಗೆ "ಸ್ವಲ್ಪ ಒತ್ಕೊಂಡು ಕೂತ್ಕೊಳ್ಳಿ" ನಡೆಯೋದಿಲ್ಲ. ಏರ್‌ಪೋರ್ಟಿನಲ್ಲಿ ಯಾರೋ ಬಂದು "ಐದು ಜನಾನಾ? ನನ್ನ ವ್ಯಾನಿದೆ" ಅಂತ ಸೂಟ್‌ಕೇಸಿಗೆ ಕೈ ಹಾಕೋದು ಇದಕ್ಕೇ. ಅಥೆನ್ಸ್ ಏರ್‌ಪೋರ್ಟಿಂದ ನಗರದ ಮಧ್ಯಭಾಗಕ್ಕೆ ಹಳದಿ ಟ್ಯಾಕ್ಸಿಗೆ ಸರ್ಕಾರವೇ ದರ ನಿಗದಿ ಮಾಡಿದೆ: ಹಗಲು 40 ಯೂರೊ, ಮಧ್ಯರಾತ್ರಿಯಿಂದ ಬೆಳಗಿನ ಐದರವರೆಗೆ 55. ಎರಡು ಟ್ಯಾಕ್ಸಿ ಮಾಡಿದರೂ ಲೆಕ್ಕ ಗೊತ್ತಿರುತ್ತೆ. ಇಲ್ಲವೇ ಮೊದಲೇ ದರ ಒಪ್ಪಿಕೊಂಡು ವ್ಯಾನ್ ಬುಕ್ ಮಾಡಿ. ಬೇರೆ ಕಡೆಗೆಲ್ಲ ಮೀಟರ್. ಮೀಟರಿನಲ್ಲಿ 1 ಅಂತ ಕಂಡರೆ ಸಾಮಾನ್ಯ ದರ, 2 ಅಂತಿದ್ದರೆ ರಾತ್ರಿ ಅಥವಾ ಊರ ಹೊರಗಿನ ದರ. ಹಗಲು ಹೊತ್ತಲ್ಲಿ ಅಥೆನ್ಸ್ ಒಳಗೇ 2 ಓಡ್ತಿದ್ದರೆ ಬೆರಳು ಮಾಡಿ ತೋರಿಸಿ ಸಾಕು.

ಹಾಂ, ತೋರಿಸೋವಾಗ ಒಂದೇ ಬೆರಳು. ಐದು ಜನ ಅಂತ ಹೇಳೋಕೆ ಅಂಗೈ ಅಗಲಿಸಿ ಎದುರಿನವರ ಮುಖಕ್ಕೆ ಹಿಡಿಯಬೇಡಿ, ಅದು ಅಲ್ಲಿ ಕೆಟ್ಟ ಬೈಗುಳ. ಮತ್ತೆ "ನೆ" ಅಂದರೆ ಹೌದು, "ಓಹಿ" ಅಂದರೆ ಇಲ್ಲ. ನಮ್ಮತ್ತೆ ಮೂರು ದಿನ "ನೆ"ಯನ್ನ ಹಿಂದಿಯ "ನಹೀ" ಅಂದ್ಕೊಂಡು, ಕಾಫಿ ಇಲ್ಲವಂತೆ ಅಂತ ಅಂಗಡಿಯಿಂದ ಎದ್ದು ಬರ್ತಿದ್ದರು.

ದ್ವೀಪಗಳಿಗೆ ಹಡಗು ಹತ್ತೋ ಪಿರೇಯಸ್ ಬಂದರಿಗೆ ಅಥೆನ್ಸ್ ಏರ್‌ಪೋರ್ಟಿಂದ ನೀಲಿ ಗೆರೆಯ ಮೆಟ್ರೊ 3 ನೇರವಾಗಿ ಹೋಗುತ್ತೆ, 2022ರಿಂದ ಈಚೆಗೆ. ಎಕ್ಸ್96 ಬಸ್ ಕೂಡ ಇದೆ. ಜೇಬುಗಳ್ಳರ ಎಚ್ಚರಿಕೆ ನಿಜವಾಗಿ ಬೇಕಾಗಿರೋದು ಈ ಮೆಟ್ರೊದಲ್ಲೇ, ಅದೂ ಮೊನಾಸ್ತಿರಾಕಿ, ಸಿಂಟಗ್ಮಾ ಹತ್ತಿರ. ಬಾಗಿಲು ಮುಚ್ಚೋ ಹೊತ್ತಿಗೆ ನಾಲ್ಕೈದು ಜನ ಒಟ್ಟಿಗೆ ನುಗ್ಗಿ ಸೂಟ್‌ಕೇಸ್ ಎತ್ತೋಕೆ ಸಹಾಯ ಮಾಡ್ತಾರೆ. ಆ ಸಹಾಯ ಬೇಡ. ಮೊನಾಸ್ತಿರಾಕಿ ಚೌಕದಲ್ಲಿ ದಾರದ ಬಳೆ ಕಟ್ಟೋಕೆ ಬರೋರಿಗೆ ಕೈ ಜೇಬಿನಲ್ಲಿಟ್ಟುಕೊಂಡೇ ಮುಂದೆ ನಡೀರಿ. ಕಟ್ಟಿಸಿಕೊಂಡ ಮೇಲೆ "ಗಿಫ್ಟ್" ಅಂದಿದ್ದು ಮರೆತುಹೋಗಿರುತ್ತೆ. ಒಂಟಿ ಗಂಡಸರನ್ನ ಮಾತಾಡಿಸಿ ಬಾರಿಗೆ ಕರ್ಕೊಂಡು ಹೋಗಿ ದೊಡ್ಡ ಬಿಲ್ ಮಾಡೋದೂ ಅಥೆನ್ಸ್‌ನ ಹಳೇ ಆಟ. ನಿಮಗೆ ಬೇಕಾಗಿಲ್ಲ, ಗುಂಪಿನ ಬ್ಯಾಚುಲರ್‌ಗಳು ಓದಿಕೊಳ್ಳಲಿ.

ಪಿರೇಯಸ್ ಬಂದರು ಅಂದರೆ ಕಿಲೋಮೀಟರುಗಟ್ಟಲೆ, ಗೇಟುಗಳು ಇ1ರಿಂದ ಇ12ರವರೆಗೆ. "ನಿಮ್ಮ ಗೇಟ್ ತುಂಬಾ ದೂರ, ಹಡಗು ತಪ್ಪುತ್ತೆ" ಅಂತ ಟ್ಯಾಕ್ಸಿಯವನು ಹೆದರಿಸಿದರೆ ಒಳಗೇ ಉಚಿತ ಬಸ್ ಓಡಾಡುತ್ತೆ ಅನ್ನೋದು ನೆನಪಿರಲಿ. ಟಿಕೆಟನ್ನ ಹಡಗು ಕಂಪನಿಯ ಸ್ವಂತ ಜಾಲತಾಣದಲ್ಲೇ ತಗೊಳ್ಳಿ. ಗಾಳಿ ಜೋರಾದರೆ ಬಂದರಿನವರೇ ಹಡಗು ನಿಲ್ಲಿಸ್ತಾರೆ; ಬೇಸಿಗೆಯಲ್ಲಿ ಬಡಗಣದಿಂದ ಬೀಸೋ ಆ ಗಾಳಿಗೆ ಮೆಲ್ಟೆಮಿ ಅಂತ ಹೆಸರು, ಜುಲೈ ಆಗಸ್ಟ್‌ನಲ್ಲಿ ಜೋರು, ಸೆಪ್ಟೆಂಬರ್‌ನಲ್ಲೂ ಒಮ್ಮೊಮ್ಮೆ. ಹಡಗು ರದ್ದಾದರೆ ಪೂರ್ತಿ ದುಡ್ಡು ವಾಪಸ್ ಇಲ್ಲವೇ ಬೇರೆ ಹಡಗು, ಎರಡರಲ್ಲಿ ನೀವು ಕೇಳಿದ್ದು ಕೊಡಬೇಕು. "ವೋಚರ್ ಮಾತ್ರ" ಅಂದರೆ ಒಪ್ಪಬೇಡಿ. ಕೊನೆಯ ದ್ವೀಪದಿಂದ ಹೊರಡೋ ದಿನವೇ ವಿಮಾನ ಇಟ್ಟುಕೊಳ್ಳಬೇಡಿ. ಸ್ಯಾಂಟೊರಿನಿಯ ಅಥಿನಿಯೋಸ್ ಬಂದರಲ್ಲಿ ಇಳಿದ ತಕ್ಷಣ ಬೋರ್ಡು ಹಿಡಿದವರು ಮುತ್ತಿಕೊಳ್ತಾರೆ. ಫಿರಾ ಊರಿಗೆ ಕೆಟಿಇಎಲ್ ಅನ್ನೋ ಸಾರ್ವಜನಿಕ ಬಸ್ ಅಲ್ಲೇ ನಿಂತಿರುತ್ತೆ, ಕೆಲವೇ ಯೂರೊ.

ರೂಮಿನ ವಿಷಯದಲ್ಲಿ ಒಂದು ತಿಳ್ಕೊಂಡಿರಿ, ಇಲ್ಲದಿದ್ದರೆ ರಿಸೆಪ್ಷನ್‌ನಲ್ಲಿ ಸುಮ್ಮನೆ ಜಗಳ ಆಗುತ್ತೆ. ಆನ್‌ಲೈನ್‌ನಲ್ಲಿ ಪೂರ್ತಿ ಕಟ್ಟಿದ್ದರೂ ಅಲ್ಲಿ ಹೋದಾಗ ಮತ್ತೆ ದುಡ್ಡು ಕೇಳ್ತಾರೆ. ಅದು ಹವಾಮಾನ ತೆರಿಗೆ, ಸರ್ಕಾರದ್ದು, ಮೋಸ ಅಲ್ಲ. 2025ರಿಂದ ಏಪ್ರಿಲ್–ಅಕ್ಟೋಬರ್ ತಿಂಗಳುಗಳಲ್ಲಿ ಒಂದು ರೂಮಿಗೆ ಒಂದು ರಾತ್ರಿಗೆ ಮೂರು ಸ್ಟಾರ್ ಹೋಟೆಲಿಗೆ 5 ಯೂರೊ, ನಾಲ್ಕಕ್ಕೆ 10, ಐದಕ್ಕೆ 15. ಬಾಡಿಗೆಗೆ ಕೊಡೋ ಫ್ಲಾಟಾದರೆ 8. ತಲೆಗಲ್ಲ, ರೂಮಿಗೆ. ತಲೆ ಲೆಕ್ಕದಲ್ಲಿ ಕೇಳಿದರೆ ಮಾತ್ರ ಜಗಳ ಆಡಿ. ಫ್ಲಾಟ್ ಅಥವಾ ವಿಲ್ಲಾ ತಗೊಳ್ಳೋದಾದರೆ ಜಾಹೀರಾತಿನಲ್ಲಿ ಎಎಂಎ ಅನ್ನೋ ನೋಂದಣಿ ಸಂಖ್ಯೆ ಇರಲೇಬೇಕು. ಅದಿಲ್ಲದೆ, ಚೆಂದದ ಫೋಟೊ ಹಾಕಿ, ಅರ್ಧ ಬೆಲೆ ಹೇಳಿ, "ಆ್ಯಪ್ ಬೇಡ, ನೇರ ಬ್ಯಾಂಕಿಗೆ ಹಾಕಿ" ಅಂದರೆ ಆ ವಿಲ್ಲಾ ಫೋಟೊದಲ್ಲಿ ಮಾತ್ರ ಇರೋದು.

ಎಟಿಎಂನಲ್ಲಿ ದುಡ್ಡು ತೆಗೆಯೋವಾಗ, ಕಾರ್ಡ್ ಉಜ್ಜೋವಾಗ ಯೂರೊದಲ್ಲೋ ರೂಪಾಯಿಯಲ್ಲೋ ಅಂತ ಯಂತ್ರ ಕೇಳುತ್ತೆ. ರೂಪಾಯಿ ಕಂಡ ತಕ್ಷಣ ನಮ್ಮದು ಅಂತ ಒತ್ತಿಬಿಡ್ತೀವಿ. ಒತ್ತಬೇಡಿ, ಆಗ ವಿನಿಮಯ ದರ ಆ ಯಂತ್ರದವರು ಹೇಳಿದ್ದೇ. ಯಾವಾಗಲೂ ಯೂರೊ. ಅಂಗಡಿ ಮುಂದೆ ಒಂಟಿಯಾಗಿ ನಿಂತಿರೋ ಯಂತ್ರಗಳನ್ನ ಬಿಟ್ಟು ಬ್ಯಾಂಕ್ ಗೋಡೆಯಲ್ಲಿರೋದನ್ನ ಬಳಸಿ.

ಬೀಚಿನಲ್ಲಿ ಕುರ್ಚಿ, ಕೊಡೆ ಬಾಡಿಗೆ ಮುಂದಿನ ಸಾಲಿಗೊಂದು, ಹಿಂದಿನ ಸಾಲಿಗೊಂದು. ಕೆಲವು ಕಡೆ ಇಂತಿಷ್ಟು ತಿನ್ನಲೇಬೇಕು ಅನ್ನೋ ಷರತ್ತೂ ಇರುತ್ತೆ. ಕೂರೋ ಮೊದಲು ಕೇಳಿ. ಕೂರಲೇಬೇಕು ಅಂತೇನಿಲ್ಲ, ಅಲ್ಲಿ ಕಡಲ ತೀರ ಎಲ್ಲರದ್ದು. 2023ರಲ್ಲಿ ಪಾರೋಸ್ ದ್ವೀಪದ ಜನ ಕುರ್ಚಿಗಳ ಕಾಟ ತಡೆಯಲಾರದೆ ಟವೆಲ್ ಹಿಡಿದು ಪ್ರತಿಭಟನೆ ಮಾಡಿದರು, ಮರುವರ್ಷ ಕಾನೂನು ಬಿಗಿಯಾಯಿತು: ತೀರದ ಅರ್ಧದಷ್ಟಾದರೂ ಕುರ್ಚಿಯಿಲ್ಲದೆ ಖಾಲಿ ಬಿಡಬೇಕು. ನಾಕ್ಸೋಸ್‌ನ ಪ್ಲಾಕಾ ಬೀಚು ಬೇಕಾದಷ್ಟು ಉದ್ದ ಇದೆ, ಒಂದು ಲುಂಗಿ ಹಾಸಿಕೊಂಡು ಕೂತರೆ ಯಾರೂ ಎಬ್ಬಿಸೋದಿಲ್ಲ. ನಾನು ಕೂತಿದ್ದೀನಿ. ನೀರು ಮಾತ್ರ ಪೆರಿಪ್ಟೆರೊ ಅನ್ನೋ ಗೂಡಂಗಡಿಯಲ್ಲಿ ತಗೊಳ್ಳಿ, ಅರ್ಧ ಲೀಟರಿಗೆ 50 ಸೆಂಟ್ ಮಿತಿ ಇದೆ.

ಇಷ್ಟರ ಮೇಲೂ ಏನಾದರೂ ಆದರೆ ಟೂರಿಸ್ಟ್ ಪೊಲೀಸ್ 1571, ಬಿಲ್ಲಿನ ತಕರಾರಿಗೆ ಗ್ರಾಹಕ ಸಹಾಯವಾಣಿ 1520, ತುರ್ತಿಗೆ 112. ಹೋಟೆಲಿನವನ ಎದುರೇ ಫೋನ್ ಕೈಗೆತ್ತಿಕೊಳ್ಳಿ, ಅಲ್ಲಿಗೇ ಇತ್ಯರ್ಥ ಆಗೋ ಸಾಧ್ಯತೆ ಜಾಸ್ತಿ.

ಅಮ್ಮ ಸಸ್ಯಾಹಾರಿ ಅಂತ ಬರೆದಿದ್ದೀರಲ್ಲ, ಸ್ಯಾಂಟೊರಿನಿಯಲ್ಲಿ "ಫಾವಾ" ಕೇಳಿ: ಹಳದಿ ಬೇಳೆಯ ಗಟ್ಟಿ ತೊವ್ವೆ, ಮೇಲೆ ಈರುಳ್ಳಿ, ಆಲಿವ್ ಎಣ್ಣೆ. ಶನಿವಾರ ಮೀನು ಮುಟ್ಟದ ನಮ್ಮತ್ತೆಗೆ ಅದೇ ಆಧಾರ ಆಗಿತ್ತು. "ನಿಸ್ತೀಸಿಮೊ" ಅಂದರೆ ಅವರ ಉಪವಾಸದ ಅಡುಗೆ, ಮಾಂಸ, ಮೊಟ್ಟೆ, ಹಾಲು ಇರೋದಿಲ್ಲ. ಆದರೆ ಸ್ಕ್ವಿಡ್, ಸಿಗಡಿ ಉಪವಾಸಕ್ಕೆ ನಡೆಯುತ್ತೆ ಅವರಲ್ಲಿ, ಅದನ್ನೊಂದು ಕೇಳ್ಕೊಳ್ಳಿ.

ಹಡಗಿನ ಟಿಕೆಟ್ ಆದ ಮೇಲೆ ಯಾವ ಕಂಪನಿ, ಎಷ್ಟು ಗಂಟೆಗೆ ಅಂತ ಇಲ್ಲೇ ಹಾಕಿ, ಅಥೆನ್ಸ್‌ನ ನಿಮ್ಮ ಹೋಟೆಲಿಂದ ಎಷ್ಟು ಹೊತ್ತಿಗೆ ಹೊರಡಬೇಕು ಅಂತ ಹೇಳ್ತೀನಿ.