ಮೊದಲು ಮೇಲ್ ಸರಿಮಾಡಿ, ಕನ್ಸಲ್ಟೆಂಟ್ ಆಮೇಲೆ

ಕುಶಾಲನಗರದ ನಿಮ್ಮ ಆರು ಜನರ ಕಾಫಿ ಕಂಪನಿಯ ಮೇಲ್‌ಗೆ ಹೊರಗಿನ ಖರೀದಿದಾರರು ಉತ್ತರವೇ ಕೊಡುತ್ತಿಲ್ಲ, ಕನ್ಸಲ್ಟೆಂಟ್ ಇಟ್ಟುಕೊಳ್ಳಬೇಕಾ ಎಂದು ಕೇಳಿದ್ದೀರಿ. ಈಗಲೇ ಬೇಡ ಸರ್.

ನಾನೂ ಸಿದ್ದಾಪುರದ ಹತ್ತಿರ ಇದೇ ವ್ಯಾಪಾರದಲ್ಲಿದ್ದೇನೆ. ಮೊದಮೊದಲು ನಮ್ಮ ಮೇಲ್ ತುಂಬಾ ತೋಟದ ಸೊಬಗು, ತಾತನ ಕಾಲದ ಕಥೆ. ಖರೀದಿದಾರರಿಗೆ ಬೇಕಾದದ್ದು ಬೇರೆ: ಅರೇಬಿಕಾನಾ ರೋಬಸ್ಟಾನಾ, ಪಾರ್ಚ್‌ಮೆಂಟಾ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು) ಚೆರಿನಾ (ಹಣ್ಣನ್ನೇ ಇಡಿಯಾಗಿ ಒಣಗಿಸಿದ್ದು), ಯಾವ ಗ್ರೇಡ್, ತೇವಾಂಶ ಎಷ್ಟು, ಎಷ್ಟು ಚೀಲ, ಯಾವತ್ತು ಲೋಡ್, ಹೇಳಿದ ಬೆಲೆ ಎಷ್ಟು ದಿನ ನಿಲ್ಲುತ್ತದೆ. ಇಷ್ಟನ್ನು ಮೊದಲ ಐದು ಸಾಲಲ್ಲೇ ಹೇಳಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ, ಅಲ್ವಾ? ಉತ್ತರ ಎರಡು ದಿನ ತಡವಾಗಬಹುದು ಎಂದು ಮೊದಲೇ ಬರೆದುಬಿಡಿ.

ಹೊರಗಿನವರ ಸಲಹೆ ನಿಜವಾಗಿ ಬೇಕಾದದ್ದು ರುಚಿಗೆ. ನಾವೇ ಕುಡಿದು ಚೆನ್ನಾಗಿದೆ ಅಂದರೆ ಸಾಲದು. ಬೆಂಗಳೂರಿನ ಕಾಫಿ ಬೋರ್ಡ್ ಲ್ಯಾಬ್‌ಗೆ ಸ್ಯಾಂಪಲ್ ಕಳಿಸಿ, ಆ ವರದಿಯನ್ನು ಮೇಲ್ ಜೊತೆ ಇಡಿ. ತೋಟದ ಪ್ರಶ್ನೆಗೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ಹತ್ತಿರವೇ ಇದೆ. ಕೊಡಗಿನ ಅರೇಬಿಕಾಗೆ 2019ರಲ್ಲಿ ಜಿಐ (ಇದು ಆ ಪ್ರದೇಶದ್ದೇ ಎನ್ನುವ ಭೌಗೋಳಿಕ ಗುರುತು) ಸಿಕ್ಕಿದೆ, ಆದರೆ ಸುಮ್ನೆ ಪ್ಯಾಕೆಟ್ ಮೇಲೆ ಹಾಕಬೇಡಿ, ಅಧಿಕೃತ ಬಳಕೆದಾರರಾಗಿ ನೋಂದಣಿ ಮಾಡಿಸಿಕೊಳ್ಳಿ.

ಆಮೇಲೂ ಕನ್ಸಲ್ಟೆಂಟ್ ಬೇಕೆನಿಸಿದರೆ ವರ್ಷದ ಒಪ್ಪಂದ ಬೇಡ. ಒಂದು ತಿಂಗಳು, ಒಂದೇ ಕೆಲಸ: ಉತ್ತರ ಬಾರದ ಹತ್ತು ಮೇಲ್ ಕೊಟ್ಟು ತಪ್ಪು ಹುಡುಕಲು ಹೇಳಿ.