‘ಐ...’ ಅಂದ ಮೇಲೆ ಬಾಯಿ ಯಾಕೆ ನಿಲ್ಲುತ್ತೆ?

ಶ್ರೀನಿವಾಸಪುರ ತಾಲ್ಲೂಕಿನಿಂದ ಬಂದ ಪತ್ರ: “ಸಂಪಾದಕರಿಗೆ ನಮಸ್ಕಾರ. ನನಗೆ 34 ವರ್ಷ. ನರಸಾಪುರದ ಕಡೆ ಫ್ಯಾಕ್ಟರಿಯಲ್ಲಿ ಕೆಲಸ. ಈಚೆಗೆ ಲೈನ್ ಲೀಡರ್ ಮಾಡಿದ್ದಾರೆ. ದಿನಾ ಬೆಳಿಗ್ಗೆ ಮೀಟಿಂಗ್, ಅದೂ ಇಂಗ್ಲಿಷಿನಲ್ಲಿ. ಓದಿದರೆ ಅರ್ಥ ಆಗುತ್ತೆ, ನಾಲ್ಕು ಸಾಲು ಬರೆಯೋಕೂ ಬರುತ್ತೆ. ಮಾತು ಮಾತ್ರ ‘ಐ’ ಅಂದ ತಕ್ಷಣ ನಿಂತುಬಿಡುತ್ತೆ. ಹೋದ ವಾರ ‘ಈ ಮಷೀನ್ ಕೆಟ್ಟಿದ್ದು ಇದು ಎಷ್ಟನೇ ಸಲ?’ ಅಂತ ಕೇಳಬೇಕಿತ್ತು. ‘ಎಷ್ಟನೇ’ ಅನ್ನೋದಕ್ಕೆ ಪದ ಸಿಗದೆ ಸುಮ್ನೆ ಕೂತೆ. ಮನೆಯಲ್ಲಿ ಪ್ರಾಕ್ಟೀಸ್ ಮಾಡಿದರೆ ಆರನೇ ಕ್ಲಾಸಿನ ಮಗಳು ನಗುತ್ತಾಳೆ. ಕ್ಲಾಸಿಗೆ ಸೇರೋಣ ಅಂದರೆ ಶಿಫ್ಟ್ ಕಾಟ. ನಾನೇ ಕಲಿಯೋಕೆ ಆಗುತ್ತಾ? ಹೆಸರು ಹಾಕಬೇಡಿ.”

ತಂಗೀ,

ಆಗುತ್ತೆ. ಆದರೆ 30 ದಿನದಲ್ಲಿ ಆಗಲ್ಲ. ಹಾಗೆ ಹೇಳುವ ಜಾಹೀರಾತು ನಮ್ಮ ಪತ್ರಿಕೆಯಲ್ಲೂ ಒಂದೆರಡು ಸಲ ಬಂದಿದೆ, ಒಪ್ಪಿಕೊಳ್ಳುತ್ತೇನೆ. ಆ ದುಡ್ಡಿನಲ್ಲಿ ನಮ್ಮ ಪ್ರೆಸ್ಸಿನ ಬಾಕಿ ತೀರಿತು. ಯಾರಿಗೆ ಇಂಗ್ಲಿಷ್ ಬಂತೋ ದೇವರೇ ಬಲ್ಲ.

ನಿಮ್ಮ ಪತ್ರ ಓದಿದಾಗ ನನ್ನ ಮೊದಲ ಇಂಗ್ಲಿಷ್ ಫೋನು ನೆನಪಾಯಿತು. ಆಗಷ್ಟೇ ವರದಿಗಾರನಾಗಿ ಸೇರಿದ್ದೆ. ಬೆಂಗಳೂರಿನ ಒಂದು ಆಫೀಸಿಗೆ ಫೋನ್ ಮಾಡಿ ಏನೋ ಲೆಕ್ಕ ಕೇಳಬೇಕಿತ್ತು. ಕೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಎಸ್‌ಟಿಡಿ ಬೂತಿಗೆ ಹೋದೆ. ಆ ಕಡೆಯಿಂದ ಹೆಣ್ಣು ದನಿ: ‘ಹೂ ಈಸ್ ಕಾಲಿಂಗ್, ಪ್ಲೀಸ್?’ ಈ ಪ್ರಶ್ನೆ ನನ್ನ ಚೀಟಿಯಲ್ಲಿ ಇರಲಿಲ್ಲ. ‘ಕೋಲಾರ್ ಕಾಲಿಂಗ್’ ಅಂದೆ. ಆಕೆ ನಕ್ಕಿದ್ದು ಕೇಳಿಸಿತು. ಮೀಟರ್ ಓಡುತ್ತಾ ಇತ್ತು. ಫೋನ್ ಇಟ್ಟು, ದುಡ್ಡು ಕೊಟ್ಟು ಬಂದುಬಿಟ್ಟೆ. ಲೆಕ್ಕ ಇಲ್ಲದೆಯೇ ವರದಿ ಬರೆದೆ.

ಪದ ಗೊತ್ತಿರಲಿಲ್ಲವಾ? ಗೊತ್ತಿತ್ತು. ಬಾಯಿಗೆ ರೂಢಿ ಇರಲಿಲ್ಲ, ಅಷ್ಟೇ. ನಿಮ್ಮದೂ ಅದೇ ಕತೆ. ನೀವು ಶಾಲೆಗೆ ಹೋದ ಕಾಲಕ್ಕೆ ಕನ್ನಡ ಮೀಡಿಯಂನಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ಕ್ಲಾಸಿಗೆ. ಒಂದನೇ ಕ್ಲಾಸಿನಿಂದಲೇ ಶುರುಮಾಡಿದ್ದು 2007ರಲ್ಲಿ. ಕಲಿಸಿದ ಅಷ್ಟು ವರ್ಷವೂ ನೀವು ಮಾಡಿದ್ದು ಕಾಪಿ ಬರೆಯುವುದು, ಪ್ರಶ್ನೋತ್ತರ ಬಾಯಿಪಾಠ ಮಾಡುವುದು. ಈಜು ಕಲಿಸುತ್ತೇವೆ ಅಂತ ಬಾವಿಯ ಕಟ್ಟೆ ಮೇಲೆ ಕೂರಿಸಿ ಐದಾರು ವರ್ಷ ನೀರು ತೋರಿಸಿದ ಹಾಗೆ.

ಈಗ ನಿಮ್ಮ ‘ಐ’ ವಿಷಯಕ್ಕೆ ಬರೋಣ. ಅಲ್ಲಿ ನಿಲ್ಲುವುದಕ್ಕೆ ಭಯ ಒಂದೇ ಕಾರಣ ಅಲ್ಲ. ಕನ್ನಡದಲ್ಲಿ ಮಾಡಿದ ಕೆಲಸವನ್ನು ಕೊನೆಗೆ ಹೇಳುತ್ತೇವೆ. ‘ನಾನು ನಿನ್ನೆ ರಾತ್ರಿ ಸೂಪರ್‌ವೈಸರ್‌ಗೆ ಮಷೀನ್ ವಿಷಯ...’ ಅಂತ ಎಳೆಯುತ್ತಾ ಹೋಗಬಹುದು. ‘ಹೇಳಿದೆ’ ಅನ್ನಬೇಕೋ, ‘ಹೇಳಲಿಲ್ಲ’ ಅನ್ನಬೇಕೋ ಅನ್ನುವುದನ್ನು ಕೊನೆಯ ಗಳಿಗೆಯಲ್ಲಿ ತೀರ್ಮಾನ ಮಾಡಿದರೂ ನಡೆಯುತ್ತೆ. ತೆಲುಗಿನಲ್ಲೂ ಹೀಗೇ. ಇಂಗ್ಲಿಷ್ ಅಷ್ಟು ಪುರುಸೊತ್ತು ಕೊಡಲ್ಲ. ‘ಐ’ ಆದ ಕೂಡಲೇ ‘ಟೋಲ್ಡ್’ ಬೇಕು, ಇಲ್ಲಾಂದ್ರೆ ‘ಡಿಡ್‌ನಾಟ್ ಟೆಲ್’ ಬೇಕು. ಯಾರಿಗೆ, ಯಾವಾಗ ಅನ್ನುವುದೆಲ್ಲ ಆಮೇಲೆ. ನಾವು ಕೊನೆಗೆ ಇಟ್ಟುಕೊಂಡಿದ್ದನ್ನು ಅದು ಎರಡನೇ ಮಾತಿಗೇ ಕೇಳುತ್ತೆ. ಅದಕ್ಕೇ ‘ಐ...’ ಅಂದು ಮೇಲೆ ನೋಡುತ್ತೇವೆ.

ಹಾಗಾಗಿ ಬಿಡಿ ಪದ ಬಾಯಿಪಾಠ ಮಾಡಬೇಡಿ. ‘ಐ ಟೋಲ್ಡ್ ಹಿಮ್’, ‘ಐ ಚೆಕ್ಡ್ ಇಟ್’, ‘ವಿ ಲಾಸ್ಟ್ ಟ್ವೆಂಟಿ ಮಿನಿಟ್ಸ್’, ‘ಐ ಹ್ಯಾವಂಟ್ ಸೀನ್ ಇಟ್’ ಹೀಗೆ ಇಡೀ ತುಂಡುಗಳನ್ನೇ ಬಾಯಿಗೆ ಕೂರಿಸಿ. ದೋಸೆ ಹುಯ್ಯುವಾಗ ಅಕ್ಕಿ, ಉದ್ದು ಎಣಿಸುತ್ತಾ ಕೂರುತ್ತೀರಾ? ರುಬ್ಬಿದ ಹಿಟ್ಟು ಇರುತ್ತೆ, ಸೌಟಿನಲ್ಲಿ ಎತ್ತಿ ಹುಯ್ಯುತ್ತೀರಿ.

ಕೋಲಾರದ ಟೊಮೆಟೊ ಮಂಡಿಗೆ ಬೆಳಿಗ್ಗೆ ಒಂದು ಸಲ ಹೋಗಿ ನೋಡಿ. ನನಗೆ ಗೊತ್ತಿರುವ ಒಬ್ಬರು ಮಂಡಿಯವರು ರೈತನ ಹತ್ತಿರ ತೆಲುಗು, ನನ್ನ ಹತ್ತಿರ ಕನ್ನಡ, ಹಮಾಲಿಯ ಹತ್ತಿರ ಉರ್ದು, ಉತ್ತರದ ಕಡೆಯ ವ್ಯಾಪಾರಿಯ ಹತ್ತಿರ ಹಿಂದಿ ಮಾತಾಡುತ್ತಾರೆ. ಓದಿದ್ದು ಏಳನೇ ಕ್ಲಾಸು. ಹಿಂದಿ ಹೇಗೆ ಕಲಿತಿರಿ ಅಂತ ಕೇಳಿದೆ. “ಮೊದಲು ರೇಟು ಹೇಳೋಕೆ ಕಲಿತೆ ಸ್ವಾಮಿ. ಆಮೇಲೆ ಜಗಳ ಆಡೋಕೆ ಕಲಿತೆ. ಮಿಕ್ಕಿದ್ದು ತಾನಾಗೇ ಬಂತು” ಅಂದರು. 15 ಕಿಲೋ ಬಾಕ್ಸಿನ ಸುತ್ತ ಎಷ್ಟು ಮಾತು ಬೇಕೋ ಅಷ್ಟು ಅವರಿಗೆ ಗಟ್ಟಿಯಾಗಿ ಬರುತ್ತೆ. ಹಿಂದಿಯಲ್ಲಿ ರಾಜಕೀಯ ಭಾಷಣ ಮಾಡಿ ಅಂದರೆ ಬರಲ್ಲ, ಬೇಕಾಗಿಯೂ ಇಲ್ಲ.

ನಿಮ್ಮ ಬಾಕ್ಸ್ ಯಾವುದು? ನಿಮ್ಮ ಲೈನು. ಎಷ್ಟು ಪೀಸ್ ಆಯಿತು, ಎಷ್ಟು ರಿಜೆಕ್ಟ್, ಯಾರು ರಜ, ಯಾವ ಮಷೀನ್ ಯಾಕೆ ನಿಂತಿತು. ಅಲ್ಲಿಂದ ಶುರುಮಾಡಿ. ರಾತ್ರಿ ಮಲಗುವ ಮುಂಚೆ ಅವತ್ತಿನ ಶಿಫ್ಟಿನ ಬಗ್ಗೆ ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಮನಸ್ಸಿನಲ್ಲಿ ಅಲ್ಲ, ಬಾಯಿಬಿಟ್ಟು. ಮಧ್ಯೆ ತಡವರಿಸಿದರೆ ಕನ್ನಡ ಪದವನ್ನೇ ತುರುಕಿ ಮುಂದೆ ಹೋಗಿ. ಮುಗಿದ ಮೇಲೆ ಕೇಳಿ, ತುರುಕಿದ ಕಡೆ ಇಂಗ್ಲಿಷ್ ಹುಡುಕಿ, ಅದೇ ಎರಡು ನಿಮಿಷವನ್ನು ಇನ್ನೊಮ್ಮೆ ಹೇಳಿ. ಮೊದಲ ವಾರ ನಿಮ್ಮ ದನಿ ನಿಮಗೇ ಹಿಡಿಸಲ್ಲ. ಯಾರಿಗೂ ಹಿಡಿಸಲ್ಲ.

ಪದ ಎಷ್ಟು ಬೇಕು ಅಂತ ಹೆದರಬೇಡಿ. ಢಾಕಾದಲ್ಲಿ ಮೇಷ್ಟರುಗಳಿಗೆ ತರಬೇತಿ ಕೊಡುತ್ತಿದ್ದ ಮೈಕೆಲ್ ವೆಸ್ಟ್ ಅನ್ನುವವರು ದಿನಬಳಕೆಗೆ ಬೇಕಾದ ಸುಮಾರು 2,000 ಪದಗಳ ಪಟ್ಟಿಯನ್ನು 1953ರಲ್ಲಿ ಪ್ರಕಟಿಸಿದರು. ವಾಯ್ಸ್ ಆಫ್ ಅಮೆರಿಕ ರೇಡಿಯೋ 1959ರಲ್ಲಿ ಕಲಿಯುವವರಿಗೆ ಅಂತಲೇ ನಿಧಾನದ ಸುದ್ದಿ ಶುರುಮಾಡಿದಾಗ ಸುಮಾರು 1,500 ಪದಗಳಲ್ಲೇ ಲೋಕದ ಸುದ್ದಿ ಓದುತ್ತಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿದ ನಿಮಗೆ ಅದರಲ್ಲಿ ಮುಕ್ಕಾಲು ಪಾಲು ಕಣ್ಣಿಗೆ ಗೊತ್ತು. ಕಿವಿಗೂ ಬಾಯಿಗೂ ಗೊತ್ತಾಗಬೇಕು, ಅಷ್ಟೇ.

ಕಿವಿಗೆ ಕಂಪನಿ ಬಸ್ಸು ಒಳ್ಳೆ ಜಾಗ. ಬಿಬಿಸಿಯವರ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಪುಕ್ಕಟೆ ಸಿಗುತ್ತೆ, ಹೆಸರೇ ಹೇಳುವ ಹಾಗೆ ಆರು ನಿಮಿಷದ್ದು. ದಿನಕ್ಕೊಂದು ಹೊಸದು ಕೇಳಬೇಡಿ. ಒಂದನ್ನೇ ಒಂದು ವಾರ ಕೇಳಿ. ಮೂರನೇ ದಿನದಿಂದ ಅವರ ಹಿಂದೆಯೇ ತುಟಿ ಆಡಿಸಿ. ಪಕ್ಕದ ಸೀಟಿನವರು ಜಪ ಮಾಡುತ್ತಿದ್ದೀರಿ ಅಂದುಕೊಳ್ಳಲಿ.

ಉಚ್ಚಾರಣೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಲಂಡನ್ನಿನವರ ಹಾಗೆ ಮಾತಾಡುವ ಅಗತ್ಯ ಇಲ್ಲ. ಎರಡು ಕಡೆ ಮಾತ್ರ ನೋಡಿಕೊಳ್ಳಿ. ಒಂದು, ‘ಎಂಟು’ ಅನ್ನುವುದನ್ನು ನಾವು ‘ಯೆಂಟು’ ಅನ್ನುತ್ತೇವೆ, ‘ಒಂದು’ ನಮ್ಮ ಬಾಯಲ್ಲಿ ‘ವೊಂದು’. ಅದೇ ಅಭ್ಯಾಸದಲ್ಲಿ ‘ಎಗ್’ ಹೋಗಿ ‘ಯೆಗ್’, ‘ಓಲ್ಡ್’ ಹೋಗಿ ‘ವೋಲ್ಡ್’ ಆಗುತ್ತೆ. ಎಂ.ಎ. ಮಾಡಿದವರನ್ನು ಎಮ್ಮೆ ಮಾಡುವ ಊರು ನಮ್ಮದು. ಎರಡನೆಯದು ಒತ್ತು. ನಾವು ಎಲ್ಲ ಅಕ್ಷರಕ್ಕೂ ಹೆಚ್ಚುಕಮ್ಮಿ ಒಂದೇ ತೂಕ ಕೊಡುತ್ತೇವೆ, ಇಂಗ್ಲಿಷ್ ಒಂದು ಕಡೆ ಒತ್ತಿ ಮಿಕ್ಕಿದ್ದನ್ನು ನುಂಗುತ್ತೆ. ನಿಮ್ಮ ಲೈನಿನ ‘ರೆಕಾರ್ಡ್’ ಪುಸ್ತಕಕ್ಕೆ ಒತ್ತು ಮೊದಲಿಗೆ ಬರುತ್ತೆ, ಅದರಲ್ಲಿ ಬರೆದಿಡಿ ಅಂತ ಹೇಳುವಾಗಿನ ‘ರೆಕಾರ್ಡ್’ಗೆ ಕೊನೆಗೆ. ಸರಿಯಾಗಿ ಹೇಳಿದ್ದೀರಾ ಅಂತ ನೋಡಲು ಮೊಬೈಲ್ ಕೀಬೋರ್ಡಿನ ಮೈಕ್ ಒತ್ತಿ ಇಂಗ್ಲಿಷಿನಲ್ಲಿ ಮಾತಾಡಿ. ಅದು ಬೇರೆ ಏನಾದರೂ ಬರೆದರೆ ಆ ಪದದ ಮೇಲೆ ಅನುಮಾನ ಪಡಿ. ಅದಕ್ಕೂ ತಪ್ಪು ಕೇಳಿಸುವುದುಂಟು, ಆದರೆ ಸಂಬಳ ಕೇಳದ ಮೇಷ್ಟ್ರು ಅದು.

ವ್ಯಾಕರಣ ಬೇಡವಾ ಅಂತ ಕೇಳುತ್ತೀರಿ. ಬೇಕು, ಆದರೆ ತಪ್ಪು ಕಂಡಾಗ ತಿದ್ದಿಕೊಳ್ಳುವಷ್ಟು. ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಅನ್ನುವುದನ್ನು ನಾವು ‘ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್’ ಅನ್ನುತ್ತೇವೆ, ‘ಐ ಹ್ಯಾವ್’ ಸಾಕು. ಇಂಥ ಹತ್ತು ಹದಿನೈದು ತಪ್ಪು ಎಲ್ಲರದ್ದೂ ಒಂದೇ. ಅವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ನೀವೇ ಕಲಿಯುವುದರಲ್ಲಿ ನಿಜವಾದ ಕಷ್ಟ ಒಂದಿದೆ. ಎದುರು ಒಬ್ಬರು ಪ್ರಶ್ನೆ ಕೇಳದೆ ಹೋದರೆ ನಾನು ‘ಕೋಲಾರ್ ಕಾಲಿಂಗ್’ ಅಂದ ಹಾಗೇ ಆಗುತ್ತೆ. ಚೀಟಿ ಮುಗಿದ ಮೇಲೆ ಮಾತೂ ಮುಗಿಯುತ್ತೆ. ಅದಕ್ಕೆ ಒಬ್ಬರು ಬೇಕು. ನಿಮ್ಮ ಪತ್ರದಲ್ಲೇ ಆ ಒಬ್ಬರು ಇದ್ದಾರೆ. ನಗುವ ಮಗಳು. ಅವಳ ಇಂಗ್ಲಿಷ್ ಪಾಠ ನೀವು ಜೋರಾಗಿ ಓದಿ, ಅದರ ಮೇಲೆ ಅವಳು ನಿಮಗೆ ಐದು ಪ್ರಶ್ನೆ ಕೇಳಲಿ. ತಪ್ಪಿಗೆ ಒಂದು ರೂಪಾಯಿ ದಂಡ, ನಕ್ಕರೆ ಅವಳಿಗೂ ದಂಡ. ಡಬ್ಬಿ ತುಂಬಿದರೆ ಬೇಕರಿಗೆ ಹೋಗಿ.

ಪಕ್ಕದ ಮುಳಬಾಗಿಲಿನ ಡಿವಿಜಿಯವರ ಹೆಸರು ಹೇಳದೆ ಕೋಲಾರದ ಸಂಪಾದಕರು ಉತ್ತರ ಮುಗಿಸಲ್ಲ ಅಂತ ನೀವು ಅಂದುಕೊಂಡಿರಬಹುದು. 1887ರಲ್ಲಿ ಹುಟ್ಟಿದ ಅವರು ಮೆಟ್ರಿಕ್ ಪಾಸಾಗಲಿಲ್ಲ. ಆಮೇಲೆ ‘ಕರ್ನಾಟಕ’ ಅನ್ನುವ ಇಂಗ್ಲಿಷ್ ಪತ್ರಿಕೆಯನ್ನೇ ನಡೆಸಿದರು. ಆದರೆ ಅವರದು ಓದಿನ ದಾರಿ. ನಿಮಗೆ ನಾಳೆ ಬೆಳಿಗ್ಗೆಯ ಮೀಟಿಂಗ್ ಇದೆ, ನೀವು ಮಂಡಿಯವರ ದಾರಿ ಹಿಡಿಯಿರಿ.

ಇನ್ನು ನಿಮ್ಮ ‘ಎಷ್ಟನೇ’. ಆ ಪದ ನಿಮಗೆ ಸಿಗಲಿಲ್ಲ ಅಂತ ನಾಚಿಕೆ ಪಟ್ಟಿರಿ. ನನಗೂ ಸಿಕ್ಕಿಲ್ಲ, ಯಾಕಂದ್ರೆ ಇಂಗ್ಲಿಷಿನಲ್ಲಿ ಅದಕ್ಕೆ ಸರಿಸಾಟಿ ಪದವೇ ಇಲ್ಲ. ‘ನೀವು ಎಷ್ಟನೇ ಮಗ?’ ಅನ್ನುವುದನ್ನು ಅವರು ಸುತ್ತಿ ಬಳಸಿಯೇ ಕೇಳಬೇಕು. ನೀವೂ ಪದ ಹುಡುಕದೆ ಸುತ್ತಿ ಬನ್ನಿ: ‘ಹೌ ಮೆನಿ ಟೈಮ್ಸ್ ಹ್ಯಾಸ್ ದಿಸ್ ಮಷೀನ್ ಸ್ಟಾಪ್ಡ್?’ ಅದು ಮತ್ತೆ ಕೆಟ್ಟಾಗ ಕೇಳಿ. ಏನು ಉತ್ತರ ಬಂತು ಅಂತ ನನಗೂ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ನನ್ನ ಇಂಗ್ಲಿಷ್ ನಿಮಗೆ ಗೊತ್ತಲ್ಲ.

— ಸಂ.